ಎಡಹಿಂಬದಿ ಗ್ಲಾಸ್ ಏರಲಿಲ್ಲ, ನಾನು ಬಿಚ್ಚಿದ್ದು ಡ್ರೈವರ್ ಬಾಗಿಲು

ಸಂತೆಕಟ್ಟೆಯಲ್ಲಿ ಆಟೋ ಇಲೆಕ್ಟ್ರಿಕ್ ಕೆಲಸ ಶುರು ಮಾಡಿ ನನಗೆ ಹದಿನೇಳೋ ಹದಿನೆಂಟೋ ವರ್ಷ ಆಯಿತು. ಪವರ್ ವಿಂಡೋ ಕಂಪ್ಲೇಂಟ್ ಬಂದರೆ ಮೊದಲ ಹತ್ತು ವರ್ಷ ನಾನೂ ಎಲ್ಲರ ಹಾಗೇ ಮಾಡುತ್ತಿದ್ದೆ. ಫ್ಯೂಸ್ ನೋಡುವುದು, ರಿಲೇ ನೋಡುವುದು, ಸ್ವಿಚ್ ಬದಲಿಸಿ ನೋಡುವುದು, ಆಗಲೂ ಆಗದಿದ್ದರೆ ಮೋಟಾರ್ ಹೋಗಿದೆ ಅಂತ ಹೇಳುವುದು. ಈಗ ಇಪ್ಪತ್ತು ಗಾಡಿ ಬಂದರೆ ಮೋಟಾರ್ ಬದಲಿಸುವುದು ಮೂರಕ್ಕೋ ನಾಲ್ಕಕ್ಕೋ. ಉಳಿದದ್ದೆಲ್ಲ ವಯರ್, ಅರ್ಥ್ (ಕರೆಂಟ್ ಗಾಡಿಯ ಬಾಡಿ ಮೂಲಕ ಬ್ಯಾಟರಿಗೆ ವಾಪಸ್ ಹೋಗುವ ಜೋಡಣೆ), ಸ್ವಿಚ್‌ನ ಪಾಯಿಂಟ್, ಇಲ್ಲದಿದ್ದರೆ ಗ್ಲಾಸ್ ಜಾರುವ ರಬ್ಬರ್ ಚಾನೆಲ್ ಒಣಗಿದ್ದು. ಈ ಲೆಕ್ಕ ಹೇಳಿದಾಗ ನಮ್ಮ ಲೈನಿನವರು ಯಾರೂ ನಂಬಲಿಲ್ಲ. ಈಗ ಅವರಲ್ಲೇ ಇಬ್ಬರು ತಮಗೆ ಸಿಗದ ಗಾಡಿಯನ್ನು ನನ್ನಲ್ಲಿಗೆ ಕಳಿಸುತ್ತಾರೆ. ಅದಕ್ಕೇ ಬರೆಯಲು ಕೂತದ್ದು.

ನಾನು ಹೇಳುತ್ತಿರುವುದು ಕರೆಂಟ್ ನೇರವಾಗಿ ಸ್ವಿಚ್ ಮೂಲಕವೇ ಮೋಟಾರಿಗೆ ಹೋಗುವ ಹಳೆಯ ಮಾದರಿಯ ವಯರಿಂಗ್ ಬಗ್ಗೆ. ಬಾಗಿಲಿನೊಳಗೆ ಕಂಟ್ರೋಲ್ ಯೂನಿಟ್ ಇರುವ ಹೊಸ ಗಾಡಿಗಳ ಸಿಗ್ನಲ್ ವಯರಿಗೆ, ಮುಂದೆ ನಾನು ಪರೀಕ್ಷೆಗೆ ಬಳಸುವ ಹೆಡ್‌ಲೈಟ್ ಬಲ್ಬ್ ಹಿಡಿಯಬೇಡಿ. ನಾನು ಒಮ್ಮೆ ಹಿಡಿದು ಒಂದು ಯೂನಿಟ್ ಸುಟ್ಟಿದ್ದೇನೆ. 6 ಸಾವಿರದ ಮೇಲೆ ಕೈಯಿಂದ ಹೋಯಿತು.

ಎಲ್ಲ ಬದಲಾದದ್ದು ಕಲ್ಯಾಣಪುರದ ಒಬ್ಬರು ರಿಟೈರ್ಡ್ ಟೀಚರ್ ಗಾಡಿಯಿಂದ. ಹನ್ನೊಂದೋ ಹನ್ನೆರಡೋ ವರ್ಷ ಹಳೆಯ ಹ್ಯಾಚ್‌ಬ್ಯಾಕ್. ಜೋರು ಮಳೆಯ ಆಟಿ ತಿಂಗಳಲ್ಲಿ ಶೃಂಗೇರಿಗೆ ಹೊರಟಿದ್ದಾರೆ, ಆಗುಂಬೆ ಘಾಟಿಯಲ್ಲಿ ಮೊಮ್ಮಗ ಜಲಪಾತ ನೋಡಲಿಕ್ಕೆ ಹಿಂದಿನ ಎಡ ಗ್ಲಾಸ್ ಇಳಿಸಿದ್ದಾನೆ. ಮತ್ತೆ ಏರಲಿಲ್ಲ. ಹದಿನಾಲ್ಕು ತಿರುವು, ಆಗುಂಬೆಯ ಮಳೆ, ಸೀಟಿಗೆ ಟರ್ಪಾಲ್ ಹೊದಿಸಿಕೊಂಡು ಹೋಗಿ ಬಂದರಂತೆ. ಊರಿಗೆ ಬಂದ ಮೇಲೆ ಒಂದು ಗ್ಯಾರೇಜಿನಲ್ಲಿ ಮೋಟಾರ್ ಮತ್ತು ರೆಗ್ಯುಲೇಟರ್ (ಗ್ಲಾಸ್ ಎತ್ತುವ ಚೌಕಟ್ಟು) ಹೊಸತು ಹಾಕಿದರು, ಹತ್ತಿರ ಹತ್ತಿರ 4,200. ಏರಲಿಲ್ಲ. ಆ ಬಾಗಿಲಿನ ಸ್ವಿಚ್ ಹಾಕಿದರು, 900. ಆಗಲೂ ಇಲ್ಲ. ಕೊನೆಗೆ ಇಡೀ ವಯರಿಂಗ್ ಬದಲಿಸಬೇಕು, 15 ಸಾವಿರ ಆಗಬಹುದು ಅಂದರು. ಟೀಚರ್ ನನ್ನಲ್ಲಿ ಬಂದು, "ಮಾರಾಯಾ, ನೀನೊಮ್ಮೆ ನೋಡು. ಆಗದಿದ್ದರೆ ಗ್ಲಾಸ್ ಮೇಲೆ ಎತ್ತಿ ಗಟ್ಟಿ ಮಾಡಿ ಕೊಡು, ನನಗೆ ಸಾಕು" ಅಂದರು. ಬಿಚ್ಚಿದ ಹಳೆ ಮೋಟಾರ್ ಪೇಪರಿನಲ್ಲಿ ಸುತ್ತಿ ಡಿಕ್ಕಿಯಲ್ಲಿ ಇಟ್ಟುಕೊಂಡಿದ್ದರು. ಬ್ಯಾಟರಿಗೆ ನೇರ ಕೊಟ್ಟೆ. ಎರಡೂ ಕಡೆಗೆ ಚೆನ್ನಾಗಿ ತಿರುಗಿತು.

ಇನ್ನು ಲಕ್ಷಣ ನೋಡಿ. ಹಿಂದಿನ ಬಾಗಿಲಿನ ಸ್ವಿಚ್‌ನಿಂದ ಗ್ಲಾಸ್ ಇಳಿಯುತ್ತದೆ, ಏರುವುದಿಲ್ಲ. ಡ್ರೈವರ್ ಬಾಗಿಲಿನಲ್ಲಿರುವ, ಎಲ್ಲ ಗ್ಲಾಸ್ ಆಡಿಸುವ ಮಾಸ್ಟರ್ ಸ್ವಿಚ್‌ನಿಂದ ಇಳಿಯುವುದೂ ಇಲ್ಲ, ಏರುವುದೂ ಇಲ್ಲ.

ಆ ದಿನ ಮಧ್ಯಾಹ್ನ ಊಟಕ್ಕೂ ಹೋಗದೆ ಒಂದು ಹಳೆ ಬಿಲ್ ಪುಸ್ತಕದ ಹಿಂದೆ ಗೆರೆ ಎಳೆದು ನೋಡಿದೆ. ಮೋಟಾರಿನ ಎರಡು ವಯರ್, ಒಂದು ಏರುವುದಕ್ಕೆ ಒಂದು ಇಳಿಯುವುದಕ್ಕೆ, ಹಿಂದಿನ ಸ್ವಿಚ್ ಒಳಗಿಂದ ದಾಟಿ ಮಾಸ್ಟರ್ ಸ್ವಿಚ್‌ಗೆ ಹೋಗುತ್ತವೆ, ಬಟನ್ ಒತ್ತದೆ ಇದ್ದಾಗ ಎರಡೂ ಅಲ್ಲೇ ಅರ್ಥ್ ಆಗಿ ಕೂತಿರುತ್ತವೆ. ಇದು ನಮಗೆಲ್ಲ ಗೊತ್ತಿದ್ದದ್ದೇ, ಆದರೆ ಗೊತ್ತಿದ್ದದ್ದನ್ನು ಕೊನೆಯವರೆಗೆ ಹಿಡಿದುಕೊಂಡು ಹೋಗಿರಲಿಲ್ಲ. ಹಿಂದಿನ ಬಟನ್‌ನಲ್ಲಿ 'ಇಳಿಸು' ಒತ್ತಿದರೆ ಇಳಿಯುವ ವಯರಿಗೆ ಅಲ್ಲಿಯೇ ಕರೆಂಟ್ ಸಿಗುತ್ತದೆ. ವಾಪಸ್ ಬರುವುದು ಏರುವ ವಯರ್ ಮೂಲಕ, ಮಾಸ್ಟರ್ ಸ್ವಿಚ್‌ವರೆಗೆ ಬಂದು ಅರ್ಥ್. ಅಂದರೆ ಏರುವ ವಯರ್ ಸರಿ ಉಂಟು. 'ಏರಿಸು' ಒತ್ತಿದರೆ ವಾಪಸ್ ಬರಬೇಕಾದದ್ದು ಇಳಿಯುವ ವಯರ್ ಮೂಲಕ. ಅದು ಕಟ್ ಆಗಿದ್ದರೆ ಗ್ಲಾಸ್ ಅಲುಗುವುದಿಲ್ಲ. ಮಾಸ್ಟರ್‌ನಿಂದ ಯಾವ ಬಟನ್ ಒತ್ತಿದರೂ ಎರಡು ವಯರೂ ಬೇಕು, ಹಾಗಾಗಿ ಎರಡೂ ಕಡೆಗೆ ಆಗುವುದಿಲ್ಲ. ಹಿಂದಿನ ಬಾಗಿಲಿನ ಸ್ವಂತ ಬಟನ್‌ನಿಂದ ಗ್ಲಾಸ್ ಯಾವ ಕಡೆಗೆ ಓಡುತ್ತದೋ ಆ ಕಡೆಯ ವಯರೇ ಮಾಸ್ಟರ್‌ಗೆ ಹೋಗುವ ದಾರಿಯಲ್ಲಿ ಕಟ್ ಆಗಿದೆ. ಓಡದ ಕಡೆಯ ವಯರನ್ನು ಹುಡುಕುತ್ತಾ ಕೂತರೆ ಸಂಜೆಯಾದರೂ ಸಿಗುವುದಿಲ್ಲ. ನಾನೇ ಎಷ್ಟೋ ಗಾಡಿಯಲ್ಲಿ ಹಾಗೆ ಸಂಜೆ ಮಾಡಿದ್ದೇನೆ.

ಹಿಂದಿನ ಎಡ ಗ್ಲಾಸಿಗೆ ಡ್ರೈವರ್ ಬಾಗಿಲು ಬಿಚ್ಚುತ್ತೇನೆ ಅಂದದ್ದಕ್ಕೆ ಪಕ್ಕದ ಗ್ಯಾರೇಜಿನ ಹಿರಿಯರು, ನನಗೆ ಸೋಲ್ಡರ್ ಹಿಡಿಯಲು ಕಲಿಸಿದವರು, ಎದ್ದು ಬಂದರು. "ಅದಕ್ಕೂ ಇದಕ್ಕೂ ಎಂತ ಸಂಬಂಧ ಮಾರಾಯಾ? ವಯರಿನಲ್ಲಿ 12 ವೋಲ್ಟ್ ಬರುತ್ತಾ ಉಂಟಲ್ಲ" ಅಂದರು. ಅವರು ಹೇಳಿದ್ದು ಸರಿಯೇ. ಮಾಸ್ಟರ್‌ನಲ್ಲಿ 'ಇಳಿಸು' ಒತ್ತಿ ಹಿಂದಿನ ಬಾಗಿಲಿನ ಕಪ್ಲರ್‌ನಲ್ಲಿ (ವಯರ್ ಸೇರಿಸುವ ಪ್ಲಗ್) ಮಲ್ಟಿಮೀಟರ್ ಹಿಡಿದರೆ 12.3 ತೋರಿಸುತ್ತಿತ್ತು. ಮೊದಲು ನೋಡಿದ ಗ್ಯಾರೇಜಿನವರು ಮೋಟಾರ್ ಬದಲಿಸಿದ್ದೂ ಅದನ್ನು ನೋಡಿಯೇ.

ಆಗ ಹೆಡ್‌ಲೈಟ್ ಬಲ್ಬ್ ತಂದೆ. ಒಂದು ಫಿಲಮೆಂಟ್ ಹೋಗಿ ಎಸೆದ 55/60 ವಾಟ್ ಬಲ್ಬ್, ಉಳಿದ ಫಿಲಮೆಂಟಿಗೆ ಎರಡು ವಯರ್, ತುದಿಯಲ್ಲಿ ಕ್ಲಿಪ್. ಇದು ಸುಮಾರು 5 ಆಂಪಿಯರ್ ಎಳೆಯುತ್ತದೆ, ಗ್ಲಾಸ್ ಏರಿಸುವ ಮೋಟಾರ್ ಎಳೆಯುವಷ್ಟೇ. ಕಪ್ಲರ್‌ಗೂ ಅರ್ಥಿಗೂ ನಡುವೆ ಬಲ್ಬ್ ಹಾಕಿ ಅದರ ಮೇಲೆ ಮೀಟರ್ ಹಿಡಿದೆ. 12.3 ಇದ್ದದ್ದು 3ರ ಹತ್ತಿರ ಬಿತ್ತು. ಬಲ್ಬ್ ಅಗರಬತ್ತಿಯ ತುದಿಯ ಹಾಗೆ ಕೆಂಪಾಗಿ ನಿಂತಿತು. ಹಿರಿಯರ ಹತ್ತಿರ ಡ್ರೈವರ್ ಬಾಗಿಲನ್ನು ಮೆಲ್ಲನೆ ಮುಚ್ಚಿ ತೆಗೆಯಲು ಹೇಳಿದೆ. ಬಾಗಿಲು ಅರ್ಧಕ್ಕೆ ಬಂದಾಗ ಬಲ್ಬ್ ಒಮ್ಮೆ ಬೆಳಗಿ ಮತ್ತೆ ಕೆಂಪಾಯಿತು. ಅವರು ಏನೂ ಹೇಳದೆ ಬಾಗಿಲನ್ನು ನಾಲ್ಕು ಸಲ ಆಡಿಸಿ ನೋಡಿದರು.

ಡ್ರೈವರ್ ಬಾಗಿಲಿಗೂ ಬಾಡಿಗೂ ನಡುವೆ ವಯರ್ ಹಾದುಹೋಗುವ ರಬ್ಬರ್ ಕೊಳವೆ, ಅಂದರೆ ಬೂಟ್, ಹಿಂದಕ್ಕೆ ಎಳೆದಾಗ ಆ ಇಳಿಯುವ ವಯರೇ ಕೈಗೆ ಬಂತು. ಹೊರಗಿನ ಇನ್ಸುಲೇಶನ್ ಒಂದು ಸುತ್ತು ಬಿರಿದಿತ್ತು. ಒಳಗೆ ತಾಮ್ರ ಇರಬೇಕಾದ ಕಡೆ ಹಸಿರು ಕಿಲುಬಿನ ಹುಡಿ, ಉಗುರಿನಲ್ಲಿ ಕೆರೆದರೆ ಉದುರುತ್ತಿತ್ತು. ಉಳಿದಿದ್ದದ್ದು ಒಂದೇ ಎಳೆ. ಮೀಟರಿಗೆ ಒಂದು ಎಳೆ ಸಾಕು, ಅದು ಕರೆಂಟ್ ಎಳೆಯುವುದೇ ಇಲ್ಲ. ಮೋಟಾರಿಗೆ ಸಾಕಾಗುವುದಿಲ್ಲ. ಎಲ್‌ಇಡಿ ಟೆಸ್ಟರ್ ಹಿಡಿಯುವವರಿಗೂ ಇದೇ ಮೋಸ ಆಗುತ್ತದೆ, ಆ ಒಂದು ಎಳೆಯಲ್ಲಿ ಅದು ಜಗ್ಗನೆ ಉರಿಯುತ್ತದೆ.

ನಮ್ಮ ಕಡೆ ಇದು ಯಾಕೆ ಇಷ್ಟು ಹೆಚ್ಚು ಅಂತ ಕೇಳಿದರೆ, ಮಲ್ಪೆ ಕಡಲಿನ ಉಪ್ಪುಗಾಳಿ ಒಂದು, ವರ್ಷಕ್ಕೆ 4,000 ಮಿ.ಮೀ. ಆಸುಪಾಸು ಮಳೆ ಇನ್ನೊಂದು. ಡ್ರೈವರ್ ಬಾಗಿಲು ದಿನಕ್ಕೆ ಇಪ್ಪತ್ತು ಸಲ ತೆರೆಯುತ್ತದೆ, ಉಳಿದ ಮೂರೂ ಗ್ಲಾಸಿನ ವಯರ್ ಅದೇ ಬೂಟ್‌ನಲ್ಲಿ ಮಡಚುತ್ತದೆ. ಬಿರಿದ ಜಾಗದಿಂದ ತೇವ ಒಳಗೆ ಹೋದರೆ ಇನ್ಸುಲೇಶನ್ ಕೆಳಗೆ ಕಿಲುಬು ಒಂದು ಗೇಣು ದೂರ ಹರಿಯುತ್ತದೆ.

ಬಲ್ಬ್ ಹಾಕಿದರೆ ಸ್ವಿಚ್ ಸುಡುತ್ತದೆ ಅಂತ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಒಬ್ಬರು ಎಲ್ಲರಿಗೂ ಹೇಳಿಕೊಂಡು ಬಂದಿದ್ದರು. ಗ್ಲಾಸ್ ಕೊನೆಗೆ ಮುಟ್ಟಿ ನಿಂತಾಗ ಮೋಟಾರ್ 15, 20 ಆಂಪಿಯರ್ ಎಳೆಯುತ್ತದೆ. ಅದನ್ನು ದಿನಾ ತಡೆಯುವ ಸ್ವಿಚ್‌ಗೆ ಈ 5 ಲೆಕ್ಕಕ್ಕಿಲ್ಲ. ಇಷ್ಟು ವರ್ಷದಲ್ಲಿ ಬಲ್ಬಿನಿಂದ ಒಂದು ಸ್ವಿಚ್ ಕೂಡ ಹೋಗಿಲ್ಲ.

ಪತ್ತೆ ಮಾಡುವುದು ಕಲಿತೆ, ರಿಪೇರಿಯಲ್ಲಿ ಸೋತೆ. ಟೀಚರ್ ಗಾಡಿಗೆ ಬೂಟ್ ಒಳಗೇ ವಯರ್ ಸೇರಿಸಿ ಸೋಲ್ಡರ್ ಮಾಡಿದ್ದೆ. ನಾಲ್ಕು ತಿಂಗಳಿಗೆ ವಾಪಸ್ ಬಂತು. ಸೋಲ್ಡರ್ ಎಳೆಗಳ ಒಳಗೆ ಹರಿದು ವಯರ್ ಕಡ್ಡಿ ಆಗಿತ್ತು, ಕಡ್ಡಿ ಮುಗಿಯುವ ಜಾಗದಲ್ಲಿ ತುಂಡಾಗಿತ್ತು. ಎರಡನೇ ಸಲಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ. ಇನ್ನೊಂದು ಗಾಡಿಯಲ್ಲಿ ಎಂಟು ವಯರಿನ ಜಾಯಿಂಟ್ ಒಂದೇ ಸಾಲಿಗೆ ಬಂದು ಬೂಟ್ ಉಬ್ಬಿತು, ಅಂಚು ಸರಿ ಕೂರಲಿಲ್ಲ, ನೀರು ಒಳಗೆ ಹೋಗಿ ಕಾಲಡಿಯ ಕಾರ್ಪೆಟ್ ಒದ್ದೆ. ಮೂರನೆಯದು ನನಗೆ ಹೆಚ್ಚು ಬೇಸರ ಕೊಟ್ಟದ್ದು. ಮೊದಲೆಲ್ಲ ಕಪ್ಲರ್ ಬಿಚ್ಚುವ ಬದಲು ವಯರಿಗೆ ಸೂಜಿ ಚುಚ್ಚಿ ವೋಲ್ಟೇಜ್ ನೋಡುತ್ತಿದ್ದೆ. ಒಂದು ಮಳೆಗಾಲ ಕಳೆದು ಅದೇ ಗಾಡಿ ಬಂದಾಗ ನಾನು ಚುಚ್ಚಿದ ಎರಡು ತೂತಿನಲ್ಲೇ ಕಿಲುಬು ಹಿಡಿದಿತ್ತು. ಈ ಮೂರರಲ್ಲಿ ಕೂಲಿ, ಸಾಮಾನು ಸೇರಿ 7 ಸಾವಿರದಷ್ಟು ನನ್ನ ಕೈಯಿಂದ ಹೋಗಿರಬೇಕು.

ಈಗ ಬೂಟ್ ಒಳಗೆ ಜಾಯಿಂಟೇ ಇಡುವುದಿಲ್ಲ. ಡ್ಯಾಶ್‌ಬೋರ್ಡ್ ಕೆಳಗಿನ ಬದಿಯ ಪ್ಯಾನೆಲ್ ಬಿಚ್ಚಿ, ಹೊಳೆಯುವ ತಾಮ್ರ ಸಿಗುವವರೆಗೆ ಹಿಂದಕ್ಕೆ ಹೋಗಿ ಕಟ್ ಮಾಡುತ್ತೇನೆ. ಬಾಗಿಲಿನ ಒಳಗೂ ಹಾಗೆಯೇ. ನಡುವಿನ ಒಂದು ಮೊಳ ಹೊಸ ವಯರ್, ಸಿಲಿಕಾನ್ ಇನ್ಸುಲೇಶನ್‌ನ ಸಣ್ಣ ಎಳೆಯದ್ದು, ಬೂಟ್‌ನಲ್ಲಿ ಅಖಂಡವಾಗಿ ಹೋಗುತ್ತದೆ. ಜಾಯಿಂಟ್ ಎಲ್ಲ ಕ್ರಿಂಪ್ (ಸೋಲ್ಡರ್ ಇಲ್ಲದೆ ಲೋಹದ ತುಂಡಿನಲ್ಲಿ ಒತ್ತಿ ಹಿಡಿಸುವುದು), ಒಂದರಿಂದ ಒಂದು ಎರಡು ಬೆರಳು ದೂರ, ಮೇಲೆ ಅಂಟು ಇರುವ ಹೀಟ್ ಸ್ಲೀವ್. ಬಾಗಿಲು ಇಳಿಸದೆ ಎಂಟು ವಯರನ್ನು ಒಟ್ಟಿಗೆ ಬೂಟ್ ಒಳಗೆ ಎಳೆಯುವ ಒಂದು ಉಪಾಯ ನನ್ನಲ್ಲಿ ಉಂಟು. ಅದನ್ನು ಇಲ್ಲಿ ಬರೆಯುವುದಿಲ್ಲ, ಅದರಿಂದಲೇ ನನಗೆ ಒಂದು ಗಂಟೆ ಉಳಿಯುವುದು. ಎರಡೂವರೆ ಗಂಟೆಯ ಕೆಲಸ, ಸಾಮಾನಿಗೆ 250ರ ಹತ್ತಿರ, ನಾನು ತೆಗೆದುಕೊಳ್ಳುವುದು 1,400.

ನಡುವೆ ಒಂದು ಮಳೆಗಾಲ, ಕಪ್ಲರ್ ಕಿಲುಬು ಹಿಡಿಯದ ಹಾಗೆ ಹಚ್ಚುವ ಗ್ರೀಸಿನ ಹಿಂದೆ ಬಿದ್ದಿದ್ದೆ. ಮಲ್ಪೆಯಲ್ಲಿ ಭಾವನ ಮನೆ ಕಡಲಿಗೆ ತಾಗಿಕೊಂಡೇ ಉಂಟು. ಗುಜರಿಯಿಂದ ತಂದ ಆರು ಕಪ್ಲರ್ ಅವನ ಟೆರೇಸಿನ ಸೂರಿನಡಿ ಕಟ್ಟಿದೆ. ಒಂದಕ್ಕೆ ಏನೂ ಇಲ್ಲ, ಉಳಿದವಕ್ಕೆ ವ್ಯಾಸಲೀನ್, ಬೇರಿಂಗ್ ಗ್ರೀಸ್, ತೆಂಗಿನೆಣ್ಣೆ, ಸಿಲಿಕಾನ್ ಗ್ರೀಸ್, ಆರನೆಯದಕ್ಕೆ ನನ್ನದೇ ಮಿಶ್ರಣ. ಜೂನ್‌ನಲ್ಲಿ ಕಟ್ಟಿದ್ದನ್ನು ದೀಪಾವಳಿ ಹೊತ್ತಿಗೆ ಬಿಚ್ಚಿದೆ. ಬರಿದಾಗಿದ್ದದ್ದರ ಪಿನ್ ಮುಟ್ಟಿದರೆ ಮುರಿಯಿತು. ತೆಂಗಿನೆಣ್ಣೆಯದ್ದೂ ಹಸಿರು, ಮೇಲೆ ಅಂಟು ಧೂಳು, ಇರುವೆ ಬೇರೆ. ವ್ಯಾಸಲೀನ್ ಪರವಾಗಿಲ್ಲ, ಆದರೆ ಸೆಕೆಗೆ ಕರಗಿ ಅರ್ಧ ಸೋರಿತ್ತು. ಸಿಲಿಕಾನ್ ಚೆನ್ನಾಗಿತ್ತು. ನನ್ನ ಮಿಶ್ರಣದ ಪಿನ್ ಇನ್ನೂ ಅಂಗಡಿಯ ಡ್ರಾಯರಿನಲ್ಲಿ ಉಂಟು, ಬಂದವರಿಗೆ ತೋರಿಸುತ್ತೇನೆ. ಅದರ ಪ್ರಮಾಣ ನನ್ನಲ್ಲೇ ಇರಲಿ.

ಬಲ್ಬಿನ ಜೊತೆ ಇನ್ನೊಂದು ಸಾಮಾನು ತೆಗೆದುಕೊಳ್ಳಿ ಅಂತ ಹೇಳುತ್ತೇನೆ, ಡಿಸಿ ಅಳೆಯುವ ಕ್ಲ್ಯಾಂಪ್ ಮೀಟರ್. ನನಗೆ 3 ಸಾವಿರದೊಳಗೆ ಸಿಕ್ಕಿತ್ತು. ಗ್ಲಾಸ್ ನಿಧಾನ ಅಂತ ಬಂದ ಗಾಡಿಯಲ್ಲಿ ಡೋರ್ ಪ್ಯಾಡ್ ಬಿಚ್ಚಿ ಮೋಟಾರ್ ವಯರಿಗೆ ಹಾಕಿ. 9, 10 ಆಂಪಿಯರ್ ತೋರಿಸಿದರೆ ವಯರಿನ ದೋಷ ಅಲ್ಲ, ಹೆಚ್ಚಾಗಿ ಗ್ಲಾಸ್ ಎಲ್ಲೋ ಬಿಗಿಯುತ್ತಿದೆ. ಚಾನೆಲ್ ತೊಳೆದು ಸಿಲಿಕಾನ್ ಸ್ಪ್ರೇ ಹೊಡೆದರೆ ಎಷ್ಟೋ ಸಲ ಅಷ್ಟಕ್ಕೇ ಮುಗಿಯುತ್ತದೆ. ನಿಧಾನವೂ ಇದ್ದು ಆಂಪಿಯರ್ 3ಕ್ಕಿಂತ ಕಡಿಮೆ ಇದ್ದರೆ ವಯರ್, ಅರ್ಥ್, ಸ್ವಿಚ್ ಪಾಯಿಂಟ್ ನೋಡಿ. ಗ್ಲಾಸ್ ಓಡುವಾಗ ಅರ್ಥ್ ಕಡೆ 0.3 ವೋಲ್ಟ್ ದಾಟಿದರೆ ನಾನು ಆ ಅರ್ಥ್ ಬೋಲ್ಟ್ ಬಿಚ್ಚಿ ಉಜ್ಜದೆ ಬಿಡುವುದಿಲ್ಲ. ಇನ್ನು ಐದಾರು ಸಲ ಏರಿಸಿ ಇಳಿಸಿದ ಮೇಲೆ ನಿಂತು, ಹತ್ತು ನಿಮಿಷ ಬಿಟ್ಟು ತಾನೇ ಓಡಿದರೆ ಅದು ಮೋಟಾರಿನ ಒಳಗಿನ ಬಿಸಿ ಕಟ್‌ಔಟ್. ಪರೀಕ್ಷೆ ಮಾಡುತ್ತಾ ಮಾಡುತ್ತಾ ನಾವೇ ಅದನ್ನು ಬಿಸಿ ಮಾಡಿ ಮೋಟಾರ್ ಸತ್ತಿತು ಅನ್ನುವುದುಂಟು.

ಬಾಗಿಲು ಬಿಚ್ಚಿದಾಗಲೆಲ್ಲ ನೀರು ಇಳಿಯುವ ಕೆಳಗಿನ ತೂತು ಕಡ್ಡಿ ಹಾಕಿ ಬಿಡಿಸಿ. ನಮ್ಮ ಕೆಂಪು ಮಣ್ಣು ಅಲ್ಲಿ ಸಿಮೆಂಟಿನ ಹಾಗೆ ಗಟ್ಟಿಯಾಗಿರುತ್ತದೆ. ಒಂದು ಗಾಡಿಯ ಬಾಗಿಲಿನಿಂದ ಒಂದು ತಂಬಿಗೆ ನೀರು ಬಂದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಪ್ಲಾಸ್ಟಿಕ್ ಶೀಟನ್ನೂ ಪುನಃ ಸರಿಯಾಗಿ ಅಂಟಿಸಿ. ಸ್ಪೀಕರ್ ಹಾಕಿದವರು ಹರಿದು ಬಿಟ್ಟ ಶೀಟಿನಿಂದ ಮೋಟಾರ್ ಕಪ್ಲರ್ ಮೇಲೆ ನೇರ ನೀರು ತೊಟ್ಟಿಕ್ಕುವ ಗಾಡಿ ಪ್ರತಿ ಮಳೆಗಾಲ ಎರಡು ಮೂರು ಬರುತ್ತದೆ.

ಟೀಚರ್ ಗಾಡಿ ಎರಡನೇ ರಿಪೇರಿ ಆದ ಮೇಲೆ ಮೂರು ಮಳೆಗಾಲ ಕಂಡಿತು. ಮೊನ್ನೆ ಬ್ಯಾಟರಿ ಬದಲಿಸಲು ಬಂದಿದ್ದರು. ಕೇಳದೆಯೇ ಹಿಂದಿನ ಎಡ ಬಾಗಿಲಿಗೆ ಕ್ಲ್ಯಾಂಪ್ ಹಾಕಿ ಎರಡೂ ಬಟನ್‌ನಿಂದ ಏರಿಸಿ ಇಳಿಸಿದೆ. ಏರುವಾಗ ನಾಲ್ಕೂವರೆ ಆಂಪಿಯರ್, ರಿಪೇರಿ ಮಾಡಿದ ದಿನ ಬಿಲ್ ಪುಸ್ತಕದ ಹಿಂದೆ ಬರೆದಿಟ್ಟಷ್ಟೇ.