ಸ್ವೈಪ್ ಮಷಿನ್‌ಗೆ ಸಹಿ ಹಾಕುವ ಮುಂಚೆ ಒಂದು ಪ್ರಶ್ನೆ ಕೇಳಿ

ಶಿವಮೊಗ್ಗದಲ್ಲಿ ನನ್ನದೊಂದು ಕನ್ನಡಕದ ಅಂಗಡಿ ಇದೆ. ಫ್ರೇಮು, ಲೆನ್ಸು ಸೇರಿ ಬಿಲ್ ಮೂರು ಸಾವಿರ ದಾಟಿದರೆ ಸಾಕು, ಗಿರಾಕಿಗಳು ಕ್ರೆಡಿಟ್ ಕಾರ್ಡ್ ತೆಗೆಯುತ್ತಾರೆ. ಪ್ರೋಗ್ರೆಸಿವ್ ಲೆನ್ಸ್ ಆದರೆ ಇಎಂಐ ಇದೆಯಾ ಅಂತಲೂ ಕೇಳುತ್ತಾರೆ. ಮಷಿನ್ ಇಲ್ಲದೆ ನಮ್ಮ ವ್ಯಾಪಾರ ನಡೆಯುವುದಿಲ್ಲ. ಇದು ಮಷಿನ್ ಕೊಡುವವರಿಗೂ ಚೆನ್ನಾಗಿ ಗೊತ್ತು. ಮಧ್ಯಾಹ್ನ ಅಂಗಡಿ ಖಾಲಿ ಇರುವ ಹೊತ್ತು ನೋಡಿಕೊಂಡು ಕೊರಳಲ್ಲಿ ಟ್ಯಾಗ್ ಹಾಕಿದ ಹುಡುಗರು ಬರುತ್ತಾರೆ. ಬಂದಾಗ ನಾನು 'ಮೇಡಂ'. ಫಾರ್ಮ್ ಹೊರಗೆ ಬರುವಷ್ಟರಲ್ಲಿ 'ಅಕ್ಕ' ಆಗಿರುತ್ತೇನೆ.

"ನಮ್ಮದು ಝೀರೋ ಪರ್ಸೆಂಟ್" ಎಂದೇ ಮಾತು ಶುರುವಾಗುತ್ತದೆ, ಅಂದರೆ ಬಿಲ್ಲಿನಿಂದ ಶುಲ್ಕ ಮುರಿಯುವುದಿಲ್ಲ ಅಂತ. ನೀವು ಪರ್ಸೆಂಟ್ ಚರ್ಚೆಗೆ ಹೋಗಲೇಬೇಡಿ. ಹೀಗೆ ಕೇಳಿ: "ಹತ್ತು ಸಾವಿರ ಸ್ವೈಪ್ ಮಾಡಿದರೆ ನನ್ನ ಖಾತೆಗೆ ಎಷ್ಟು ಬೀಳುತ್ತೆ? ಯಾವತ್ತು ಬೀಳುತ್ತೆ?" ಡೆಬಿಟ್, ಕ್ರೆಡಿಟ್, ಇಎಂಐ, ವಿದೇಶಿ ಕಾರ್ಡ್, ಎಲ್ಲಕ್ಕೂ ಬೇರೆ ಬೇರೆ ಕೇಳಿ. ಉತ್ತರವನ್ನು ಕಂಪನಿಯ ಇಮೇಲ್‌ನಿಂದ ಕಳಿಸಲು ಹೇಳಿ. ವಾಟ್ಸಾಪ್‌ನಲ್ಲಿ ಬರುವ ಬಣ್ಣದ ಪೋಸ್ಟರ್ ಲೆಕ್ಕಕ್ಕಿಲ್ಲ. ಅರ್ಧದಷ್ಟು ಜನ ಇಲ್ಲೇ ಬ್ಯಾಗ್ ಎತ್ತಿಕೊಂಡು ಹೊರಡುತ್ತಾರೆ. ಒಳ್ಳೆಯದೇ ಆಯಿತು.

ಉತ್ತರ ಸರಿಯಿದೆಯಾ ಎಂದು ತಿಳಿಯಲು ಕೆಲವು ಅಂಕಿ ನಿಮಗೆ ಗೊತ್ತಿರಬೇಕು. ಯುಪಿಐ ಮತ್ತು ರುಪೇ ಡೆಬಿಟ್ ಕಾರ್ಡಿಗೆ 2020ರ ಜನವರಿಯಿಂದ ಎಂಡಿಆರ್, ಅಂದರೆ ಪ್ರತಿ ಬಿಲ್ಲಿಗೆ ಅಂಗಡಿಯವರಿಂದ ಮುರಿದುಕೊಳ್ಳುವ ಶುಲ್ಕ, ಸೊನ್ನೆ. ಅದು ಸರ್ಕಾರದ ನಿಯಮ. ಆ ಹುಡುಗ ನಿಮಗೆ ಮಾಡಿದ ಉಪಕಾರವೇನಲ್ಲ. ಬೇರೆ ಡೆಬಿಟ್ ಕಾರ್ಡುಗಳಿಗೆ ಆರ್‌ಬಿಐ 2018ರಿಂದ ಮಿತಿ ಹಾಕಿದೆ. ವರ್ಷದ ವಹಿವಾಟು 20 ಲಕ್ಷದೊಳಗಿದ್ದರೆ ಮಷಿನ್ ಮೇಲೆ ಹೆಚ್ಚೆಂದರೆ 0.40%, ಒಂದು ಬಿಲ್ಲಿಗೆ 200 ರೂಪಾಯಿ ದಾಟುವ ಹಾಗಿಲ್ಲ. ಅದಕ್ಕಿಂತ ದೊಡ್ಡ ಅಂಗಡಿಗೆ 0.90%, ಬಿಲ್ಲಿಗೆ ಸಾವಿರದ ಮಿತಿ. ಅಂದರೆ ಸಣ್ಣ ಅಂಗಡಿಯಲ್ಲಿ ಹತ್ತು ಸಾವಿರದ ಡೆಬಿಟ್ ಬಿಲ್ಲಿಗೆ 40 ರೂಪಾಯಿ ಶುಲ್ಕ, ಅದರ ಮೇಲೆ 18% ಜಿಎಸ್‌ಟಿ 7.20. ಖಾತೆಗೆ 9,952.80 ಬೀಳಬೇಕು. ಅದಕ್ಕಿಂತ ಕಡಿಮೆ ಬಂದರೆ ಯಾಕೆ ಅಂತ ಕೇಳಿ.

ನಿಜವಾದ ಆಟ ಇರುವುದು ಕ್ರೆಡಿಟ್ ಕಾರ್ಡಿನಲ್ಲಿ. ಅಲ್ಲಿ ಆರ್‌ಬಿಐ ಮಿತಿ ಇಲ್ಲ, ಮಾತಾಡಿಕೊಂಡಷ್ಟು. "1.8%ರಿಂದ ಶುರು" ಅನ್ನುತ್ತಾರಲ್ಲ, ಆ 'ರಿಂದ' ಅನ್ನುವುದರ ಮೇಲೆ ಬೆರಳಿಡಿ. ಪ್ರೀಮಿಯಂ ಕಾರ್ಡ್, ಕಂಪನಿಯವರು ಕೊಟ್ಟ ಕಾರ್ಡ್, ವಿದೇಶದ ಕಾರ್ಡ್ ಬಂದಾಗ ದರ ಮೇಲೇರುತ್ತದೆ. ಗಿರಾಕಿ ಯಾವ ಕಾರ್ಡ್ ಕೊಡುತ್ತಾರೆ ಎನ್ನುವುದು ನಮ್ಮ ಕೈಯಲ್ಲಿಲ್ಲ, ಅಲ್ವಾ? ಪೂರ್ತಿ ಪಟ್ಟಿ ಕೈಗೆ ಬರುವವರೆಗೆ ಪೆನ್ನು ಮುಟ್ಟಬೇಡಿ. ಇನ್ನೊಂದು ವಿಷಯ: ಒಂದು ಬಿಲ್ 2,000 ರೂಪಾಯಿ ಒಳಗಿದ್ದರೆ ಆ ಕಾರ್ಡ್ ಶುಲ್ಕದ ಮೇಲೆ ಜಿಎಸ್‌ಟಿ ಇಲ್ಲ. ಸ್ಟೇಟ್‌ಮೆಂಟಿನಲ್ಲಿ ಚಿಕ್ಕ ಬಿಲ್ಲುಗಳ ಸಾಲನ್ನೂ ಒಮ್ಮೆ ನೋಡಿ.

ನನ್ನ ಕೇಳಿದರೆ, ದರಕ್ಕಿಂತ ಬಾಡಿಗೆಯೇ ಜಾಸ್ತಿ ತಿನ್ನುತ್ತದೆ. ತಿಂಗಳಿಗೆ 400 ಬಾಡಿಗೆ ಎಂದಿಟ್ಟುಕೊಳ್ಳಿ. ಜಿಎಸ್‌ಟಿ ಸೇರಿ 472. ನಿಮ್ಮ ಕಾರ್ಡ್ ವ್ಯಾಪಾರ ತಿಂಗಳಿಗೆ 20,000 ಇದ್ದರೆ ಬಾಡಿಗೆ ಒಂದೇ 2.36% ಆಯಿತು. 1.8% ದರಕ್ಕೆ ಜಿಎಸ್‌ಟಿ ಸೇರಿದರೆ 2.12%. ಎರಡೂ ಕೂಡಿದರೆ ನೂರಕ್ಕೆ ನಾಲ್ಕೂವರೆ ರೂಪಾಯಿ ಹೋಯಿತು. ಫ್ರೇಮಿನಲ್ಲಿ ಸ್ವಲ್ಪ ಲಾಭ ಇರುವುದರಿಂದ ನಾನು ತಡೆದುಕೊಳ್ಳಬಹುದು. ದಿನಸಿ ಅಂಗಡಿಯವರಿಗೆ ಅಷ್ಟು ಉಳಿಯುವುದೇ ಕಷ್ಟ. ಅಂಥವರಿಗೆ ಕ್ಯೂಆರ್ ಸಾಕು, ಮಷಿನ್ ಸುಮ್ನೆ ಖರ್ಚು. "ಬಾಡಿಗೆ ಫ್ರೀ" ಎಂದರೆ ತಿಂಗಳಿಗೆ ಕನಿಷ್ಠ ಇಷ್ಟು ವಹಿವಾಟು ಆಗಲೇಬೇಕು ಎಂಬ ಷರತ್ತು ಇದೆಯಾ ಎಂದು ಅಗ್ರಿಮೆಂಟಿನಲ್ಲಿ ಹುಡುಕಿ. ಸಿಮ್ ಚಾರ್ಜ್, ಪೇಪರ್ ರೋಲ್, ಅದೇ ದಿನ ಹಣ ಹಾಕುವುದಕ್ಕೆ ಶುಲ್ಕ, ಮಧ್ಯದಲ್ಲೇ ವಾಪಸ್ ಕೊಟ್ಟರೆ ದಂಡ, ಎಲ್ಲ ಸಣ್ಣ ಅಕ್ಷರದಲ್ಲಿರುತ್ತದೆ. ಅದನ್ನು ಓದಲಾಗದಿದ್ದರೆ ನಮ್ಮ ಅಂಗಡಿಗೆ ಬನ್ನಿ!

ಸಹಿ ಹಾಕುವಾಗ ಆಟೋ ಡೆಬಿಟ್ ಮ್ಯಾಂಡೇಟ್ ಫಾರ್ಮ್, ಅಂದರೆ ನಿಮ್ಮ ಖಾತೆಯಿಂದ ತಾವೇ ಹಣ ತೆಗೆದುಕೊಳ್ಳಲು ನೀವು ಕೊಡುವ ಅನುಮತಿ, ಬೇರೆಯಾಗಿ ಎತ್ತಿ ನೋಡಿ. ಗರಿಷ್ಠ ಮೊತ್ತದ ಜಾಗ ಖಾಲಿ ಬಿಟ್ಟಿರುತ್ತಾರೆ, ಇಲ್ಲವೇ ಐದು ಸಾವಿರ ಬರೆದಿರುತ್ತಾರೆ. ಬಾಡಿಗೆ 472 ಆದರೆ ಐದು ಸಾವಿರದ ಅನುಮತಿ ಯಾಕೆ? ಮೊತ್ತವನ್ನು, ಮುಗಿಯುವ ದಿನಾಂಕವನ್ನು ನೀವೇ ಬರೆಯಿರಿ. ಮೊಬೈಲಿನಲ್ಲೇ ಮಾಡಿಸಿದರೆ ಒಟಿಪಿ ಯಾತಕ್ಕೆ ಬಂದಿದೆ ಎಂದು ಪೂರ್ತಿ ಓದಿ. ಫೋನನ್ನು ಅವರ ಕೈಗೆ ಕೊಡಬೇಡಿ. ಸೌಂಡ್ ಬಾಕ್ಸ್ ಜೊತೆಗೆ ಸಾಲದ ಅರ್ಜಿಯನ್ನೂ ತೂರಿಸಿ, ಆಮೇಲೆ ದಿನದ ಕಲೆಕ್ಷನ್‌ನಲ್ಲೇ ಕಂತು ಮುರಿದುಕೊಳ್ಳುವ ಉದಾಹರಣೆಗಳಿವೆ. ಆಧಾರ್, ಪ್ಯಾನ್ ಪ್ರತಿಯ ಮೇಲೆ ಅಡ್ಡಲಾಗಿ "ಸ್ವೈಪ್ ಮಷಿನ್‌ಗೆ ಮಾತ್ರ" ಎಂದು ಕಂಪನಿಯ ಹೆಸರು, ದಿನಾಂಕ ಹಾಕಿ ಸಹಿ ಮಾಡಿ. ಆ ಪ್ರತಿ ಇಟ್ಟುಕೊಂಡು ನಿಮ್ಮ ಹೆಸರಿನಲ್ಲಿ ಇನ್ನೊಂದು ವ್ಯಾಪಾರಿ ಖಾತೆ ತೆರೆದರೆ, ಪೊಲೀಸರು ಬರುವುದು ನಿಮ್ಮ ಬಾಗಿಲಿಗೆ.

ಕಂಪನಿ ಯಾವುದು ಎಂದು ತಿಳಿಯುವುದು ಸುಲಭ. ಬ್ಯಾಂಕಿನ ಮಷಿನ್ ಆದರೆ ನಿಮ್ಮ ಶಾಖೆಯಲ್ಲೇ ವಿಚಾರಿಸಿ. ಬ್ಯಾಂಕ್ ಅಲ್ಲದಿದ್ದರೆ ಆರ್‌ಬಿಐ ವೆಬ್‌ಸೈಟಿನಲ್ಲಿರುವ ಪೇಮೆಂಟ್ ಅಗ್ರಿಗೇಟರ್‌ಗಳ (ಗಿರಾಕಿಯ ಹಣ ಪಡೆದು ಅಂಗಡಿಗೆ ತಲುಪಿಸುವ ಕಂಪನಿಗಳ) ಪಟ್ಟಿಯಲ್ಲಿ ಹೆಸರು ಇದೆಯಾ ನೋಡಿ. 2025ರ ಸೆಪ್ಟೆಂಬರ್‌ನ ನಿರ್ದೇಶನದಲ್ಲಿ ಅಂಗಡಿಗೆ ಮಷಿನ್ ಕೊಟ್ಟು ಹಣ ಸಂಗ್ರಹಿಸುವ ಕಂಪನಿಗಳನ್ನೂ ಆರ್‌ಬಿಐ ಈ ಪರವಾನಗಿಯೊಳಗೆ ತಂದಿದೆ. ಇಂಥ ಕಂಪನಿಗಳು ನಿಮ್ಮ ಹಣವನ್ನು ಬ್ಯಾಂಕಿನ ಎಸ್ಕ್ರೋ ಖಾತೆಯಲ್ಲಿ (ಕಂಪನಿಯ ಸ್ವಂತ ಹಣದ ಜೊತೆ ಬೆರೆಯದ ಪ್ರತ್ಯೇಕ ಖಾತೆ) ಇಡಬೇಕು, ಅಲ್ಲಿಂದ ನಿಮಗೆ ಹಾಕಬೇಕು. ಹಣ ಯಾರೋ ಏಜೆಂಟರ ಕರೆಂಟ್ ಅಕೌಂಟಿಗೆ ಹೋಗಿ ಆಮೇಲೆ ನಿಮಗೆ ಬರುತ್ತದೆ ಎಂದರೆ, ಎಷ್ಟೇ ಕಡಿಮೆ ದರವಿದ್ದರೂ ಬೇಡ.

ಎರಡು ಸಲಹೆಗಳನ್ನು ಕೊಡುವ ಏಜೆಂಟರನ್ನು ಅಂಗಡಿಗೆ ಸೇರಿಸಲೇಬೇಡಿ. ಒಂದು, "ಶುಲ್ಕ ಗಿರಾಕಿ ಮೇಲೆ ಹಾಕಿಬಿಡಿ" ಎನ್ನುವುದು. ಡೆಬಿಟ್ ಕಾರ್ಡಿನ ಶುಲ್ಕವನ್ನು ಗಿರಾಕಿಯಿಂದ ವಸೂಲಿ ಮಾಡುವಂತಿಲ್ಲ. ಇನ್ನೊಂದು, "ಕಾರ್ಡ್ ಉಜ್ಜಿ ಕ್ಯಾಶ್ ಕೊಡಿ, ಕಮಿಷನ್ ಇಟ್ಟುಕೊಳ್ಳಿ" ಎನ್ನುವುದು. ಕ್ರೆಡಿಟ್ ಕಾರ್ಡಿಗೆ ಸಾಮಾನು ಮಾರದೆ ಬಿಲ್ ಹಾಕಿದರೆ ಮಷಿನ್ ಬಂದ್ ಆಗುತ್ತದೆ, ಬರಬೇಕಾದ ಹಣವೂ ತಡೆಹಿಡಿಯಬಹುದು.

ಮೊದಲ ತಿಂಗಳು ದಿನದ ಕೊನೆಯ ಬ್ಯಾಚ್ ಸ್ಲಿಪ್ (ಆ ದಿನದ ಎಲ್ಲ ಸ್ವೈಪ್‌ಗಳ ಮೊತ್ತ ತೋರಿಸುವ ಚೀಟಿ) ಮತ್ತು ಖಾತೆಗೆ ಬಂದ ಹಣ ಎರಡನ್ನೂ ತಾಳೆ ನೋಡಿ. ವ್ಯತ್ಯಾಸ ಇದ್ದರೆ ಕಂಪನಿಗೆ ಲಿಖಿತ ದೂರು ಕೊಡಿ, ದೂರಿನ ನಂಬರ್ ಪಡೆಯಿರಿ. ಬ್ಯಾಂಕಿನ ಮಷಿನ್ ಆದರೆ, 30 ದಿನದಲ್ಲಿ ಸರಿಯಾದ ಉತ್ತರ ಬರದಿದ್ದರೆ ಆರ್‌ಬಿಐ ಓಂಬುಡ್ಸ್‌ಮನ್‌ಗೆ (ದೂರು ಪರಿಹರಿಸುವ ಅಧಿಕಾರಿ) ಆರ್‌ಬಿಐನ ದೂರು ವೆಬ್‌ಸೈಟ್ ಆದ ಸಿಎಂಎಸ್ ಪೋರ್ಟಲ್‌ನಲ್ಲಿ ದೂರು ಹಾಕಬಹುದು. ಮಾಹಿತಿಗೆ 14448. ವಂಚನೆಯಿಂದ ಹಣವೇ ಹೋಗಿದ್ದರೆ ಕಾಯಬೇಡಿ, ಕೂಡಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಮಷಿನ್ ಬೇಡವಾದಾಗ ಹುಡುಗನ ಕೈಗೆ ಹಾಗೇ ಕೊಟ್ಟು ಕಳಿಸಬೇಡಿ. ಸೀರಿಯಲ್ ನಂಬರ್ ಬರೆದ ರಸೀದಿ, ಖಾತೆ ಮುಚ್ಚಿದ ಇಮೇಲ್ ಎರಡೂ ಬೇಕು. ಆಮೇಲೆ ನಿಮ್ಮ ಬ್ಯಾಂಕಿಗೆ ಹೋಗಿ ಮ್ಯಾಂಡೇಟ್ ರದ್ದು ಮಾಡಿಸಿ. ಇದನ್ನು ಮರೆತವರ ಖಾತೆಯಿಂದ, ಮಷಿನ್ ಹೋದ ಮೇಲೂ ಬಾಡಿಗೆ ಹೋಗುತ್ತಲೇ ಇರುತ್ತದೆ.