ಕಾಂಗ್ರೆಸ್ ಕಸಕ್ಕೆ ಶಿಲೀಂಧ್ರ: ರಾಯಚೂರಿನಲ್ಲಿ ನಾನು ಮಾಡಿ ನೋಡಿದ್ದು

ಪಾರ್ಥೇನಿಯಂ, ಅಂದರೆ ನಮ್ಮ ಕಡೆಯ ಕಾಂಗ್ರೆಸ್ ಕಸ, ಮೈಗೆ ತುರಿಕೆ ತರುತ್ತದೆ, ಕೆಲವರಿಗೆ ಉಬ್ಬಸ ಏಳಿಸುತ್ತದೆ. ಅದು ಎಲ್ಲರಿಗೂ ಗೊತ್ತು. ಈ ಕಸಕ್ಕೆ ರೋಗ ತರುವ ಶಿಲೀಂಧ್ರವನ್ನು ಹುಡುಕಿ ಅದರಿಂದಲೇ ಕಸವನ್ನು ಕೊಲ್ಲುವ ಕೆಲಸಕ್ಕೆ ನನ್ನನ್ನು ಎಳೆದದ್ದು ಇನ್ನೊಂದು ಸಂಗತಿ. 1997ರಲ್ಲಿ ಬಾಗೇಪಲ್ಲಿಯಲ್ಲಿ ಮೊದಲು ಕಾಣಿಸಿಕೊಂಡ ಸೂರ್ಯಕಾಂತಿಯ ನೆಕ್ರೋಸಿಸ್ (ಗಿಡದ ಭಾಗಗಳು ಕಂದಾಗಿ ಸಾಯುವ) ರೋಗದ ವೈರಸ್ಸು ಈ ಕಳೆಯೊಳಗೆ ಯಾವ ಗುರುತೂ ತೋರದೆ ಕುಳಿತಿರುತ್ತದೆ. ಥ್ರಿಪ್ಸ್ ಎಂಬ ಸಣ್ಣ ಕೀಟಗಳು ವೈರಸ್ಸಿರುವ ಇದರ ಪರಾಗವನ್ನು ಹೊತ್ತು ರೋಗವನ್ನು ಪಕ್ಕದ ಬೆಳೆಗೆ ದಾಟಿಸುತ್ತವೆ. ಬದುವಿನ ಮೇಲೆ ಕಸ ತುಂಬಿರುವಾಗ ಹೊಲದೊಳಗೆ ಮಾತ್ರ ಔಷಧ ಹೊಡೆದು ಏನು ಪ್ರಯೋಜನ?

ಮೊದಲ ಕೆಲಸ ರೋಗ ಹಿಡಿದ ಕಸವನ್ನು ಹುಡುಕುವುದು. ತುಂಗಭದ್ರಾ ಎಡದಂಡೆ ಕಾಲುವೆಯ ಉದ್ದಕ್ಕೂ, ಸಿಂಧನೂರು ಮತ್ತು ಮಾನ್ವಿ ಕಡೆ, ಮಳೆ ಹಿಡಿದ ಮೇಲೆ ಎಲೆಯ ಮೇಲೆ ಕಂದು ಚುಕ್ಕೆ ಬಿದ್ದ, ಬುಡ ಕೊಳೆತ, ಬೂದಿ ಹತ್ತಿದ ಗಿಡಗಳು ಸಿಗುತ್ತವೆ. ಎಲೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ತುರುಕಿದರೆ ಬೆವೆತು ಕೊಳೆಯುತ್ತದೆ. ಕಾಗದದ ಲಕೋಟೆಯೇ ಸರಿ. ಪ್ರಯೋಗಾಲಯಕ್ಕೆ ತಂದು, ಚುಕ್ಕೆ ಮುಗಿದು ಹಸಿರು ಶುರುವಾಗುವ ಅಂಚಿನಲ್ಲಿ ಚಿಕ್ಕ ತುಂಡು ಕತ್ತರಿಸಿ, ಮೇಲ್ಮೈಯ ಸೂಕ್ಷ್ಮಜೀವಿಗಳು ಸಾಯಲೆಂದು ಶೇ. 1ರ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಲ್ಲಿ ಅದ್ದಿ, ಶುದ್ಧೀಕರಿಸಿದ ನೀರಿನಲ್ಲಿ ಮೂರು ಸಲ ತೊಳೆದು, ಶಿಲೀಂಧ್ರ ಬೆಳೆಸುವ ಆಲೂಗಡ್ಡೆ ಅಗರ್ ತಟ್ಟೆಯಲ್ಲಿ ಇಡುತ್ತೇನೆ. ಒಂದು ವಾರದೊಳಗೆ ಶಿಲೀಂಧ್ರ ಹರಡುತ್ತದೆ. ಬೆಳೆದದ್ದೆಲ್ಲ ರೋಗಕಾರಕವಲ್ಲ. ಆರೋಗ್ಯವಾದ ಗಿಡಕ್ಕೆ ಹಚ್ಚಿ, ಅದೇ ರೋಗ ಬಂದು, ಆ ಗಿಡದಿಂದ ಅದೇ ಶಿಲೀಂಧ್ರ ಮತ್ತೆ ಸಿಕ್ಕರೆ ಮಾತ್ರ ಮುಂದಿನ ಹೆಜ್ಜೆ.

ಹೀಗೆ ಸಿಕ್ಕವುಗಳಲ್ಲಿ ಅತಿ ವೇಗವಾಗಿ ಕೊಂದದ್ದು ಬುಡಕೊಳೆ ತರುವ ಸ್ಕ್ಲೆರೋಷಿಯಂ ರಾಲ್ಫ್ಸಿ ಎಂಬ ಶಿಲೀಂಧ್ರ. ಕುಂಡದಲ್ಲಿ ಗಿಡ ನೋಡನೋಡುತ್ತಲೇ ಮಲಗಿತು. ಅದನ್ನು ನಾನು ಹೊರಗೆ ಒಯ್ಯಲಿಲ್ಲ. ಶೇಂಗಾ, ಕಡಲೆ, ಮೆಣಸಿನಕಾಯಿ, ಸೂರ್ಯಕಾಂತಿ ಎಲ್ಲಕ್ಕೂ ಅದು ಹತ್ತುತ್ತದೆ, ಸಾಸಿವೆಕಾಳಿನಂಥ ಗಡ್ಡೆಗಳಾಗಿ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಕುಂಡ ನೋಡಲು ಬಂದಿದ್ದ ಹಿರಿಯ ರೈತರೊಬ್ಬರು ಕೇಳಿದ್ದರು: "ತಂಗಿ, ಕಸಕ್ಕೆ ಹಚ್ಚಿದ ರೋಗ ನಾಳೆ ನನ್ನ ಕುಸುಬೆಗೆ ಹತ್ತುವುದಿಲ್ಲ ಎಂದು ಬರೆದು ಕೊಡುತ್ತೀಯಾ?" "ಅದನ್ನು ನೋಡದೆ ಹೊಲಕ್ಕೆ ತರುವುದಿಲ್ಲ, ಕಾಕಾ" ಎಂದೆ. ಇಡೀ ಕೆಲಸದ ತಿರುಳೇ ಆ ಪ್ರಶ್ನೆ. ಪಾರ್ಥೇನಿಯಂ, ಸೂರ್ಯಕಾಂತಿ, ಕುಸುಬೆ ಮೂರೂ ಒಂದೇ ಸಸ್ಯ ಕುಟುಂಬದವು. ಹಾಗಾಗಿ ಮೊದಲು ಪರೀಕ್ಷೆಗೆ ಇಟ್ಟದ್ದು ಆ ಎರಡು ಬೆಳೆಗಳನ್ನೇ. ನಂತರ ತೊಗರಿ, ಹತ್ತಿ, ಜೋಳ, ಶೇಂಗಾ. ಎಲೆಚುಕ್ಕೆ ತರುವ ಆಲ್ಟರ್ನೇರಿಯಾ ಎಂಬ ಶಿಲೀಂಧ್ರದ ಒಂದು ತಳಿ ಸೂರ್ಯಕಾಂತಿ ಸಸಿಯ ಮೇಲೂ ಚುಕ್ಕೆ ಮೂಡಿಸಿತು. ಅದನ್ನೂ ಬಿಟ್ಟೆ. ಬೇರೆ ಕಡೆಯಿಂದ ತಂದ ಅದೇ ಕುಲದ ಇನ್ನೊಂದು ತಳಿ ಬೆಳೆಗಳ ತಂಟೆಗೆ ಹೋಗಲಿಲ್ಲ. ಕೊಲ್ಲುವುದರಲ್ಲಿ ಅದು ನಿಧಾನ. ಆದರೂ ನಾನು ಆರಿಸಿಕೊಂಡದ್ದು ಅದನ್ನೇ.

ಬೀಜಕಣ, ಅಂದರೆ ಶಿಲೀಂಧ್ರ ಹರಡುವ ಸೂಕ್ಷ್ಮ ಕಣ, ಹೆಚ್ಚಿಸಲು ದುಬಾರಿ ಸಾಮಗ್ರಿ ಬೇಡ. ಅರೆಬೆಂದ ಜೋಳವನ್ನು ಸೀಸೆಯಲ್ಲಿ ತುಂಬಿ, ಆಟೋಕ್ಲೇವ್‌ನಲ್ಲಿ (ಒತ್ತಡದ ಹಬೆಯ ಪಾತ್ರೆ) 121 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶುದ್ಧೀಕರಿಸಿ, ಶಿಲೀಂಧ್ರ ಬಿಟ್ಟರೆ ಸಾಕು. ಶಿಲೀಂಧ್ರ ಬೆಳೆದ ಆ ಜೋಳವನ್ನು ತೊಳೆದ ನೀರಿನಲ್ಲಿ ಮಿಲಿಲೀಟರ್‌ಗೆ ಸುಮಾರು 10 ಲಕ್ಷ ಬೀಜಕಣ ಇರುವಂತೆ ಎಣಿಸಿ ಸಿಂಪಡಿಸುತ್ತೇನೆ.

ನಮ್ಮ ನೆಲದಲ್ಲಿ ನಿಜವಾದ ತೊಡಕು ತೇವ. ಬೀಜಕಣ ಮೊಳೆತು ಎಲೆಯೊಳಗೆ ಇಳಿಯಲು ಎಲೆ ರಾತ್ರಿಯಿಡೀ ಒದ್ದೆಯಾಗಿರಬೇಕು. ಕುಂಡದಲ್ಲಾದರೆ ಪಾಲಿಥೀನ್ ಚೀಲ ಮುಚ್ಚಬಹುದು. ಬದುವಿನ ಮೇಲೆ ಯಾರು ಮುಚ್ಚುತ್ತಾರೆ? ಏಪ್ರಿಲ್, ಮೇ ತಿಂಗಳ 40 ಡಿಗ್ರಿ ದಾಟುವ ರಾಯಚೂರಿನ ಬಿಸಿಲಿನಲ್ಲಿ ಸಿಂಪಡಿಸುವುದು ವ್ಯರ್ಥ. ಆಗಸ್ಟ್ ಕೊನೆಯಿಂದ ಅಕ್ಟೋಬರ್‌ವರೆಗೆ, ಮೋಡ ಕವಿದು ಜಿಟಿಜಿಟಿ ಹಿಡಿದ ಸಂಜೆ, ಹೊತ್ತು ಮುಳುಗಿದ ಮೇಲೆ ಹೊಡೆದರೆ ಫಲ ಕಾಣುತ್ತದೆ. ಸ್ವಲ್ಪ ಅಡುಗೆ ಎಣ್ಣೆಯನ್ನು ಎಮಲ್ಸಿಫೈಯರ್ (ಎಣ್ಣೆ ನೀರಿನಲ್ಲಿ ಬೆರೆಯುವಂತೆ ಮಾಡುವ ವಸ್ತು) ಹಾಕಿ ಬೆರೆಸಿದರೆ ಹನಿ ಬೇಗ ಆರುವುದಿಲ್ಲ. ನನಗೆ ಎಲ್ಲಕ್ಕಿಂತ ಹೆಚ್ಚು ನೆರವಾದದ್ದು ಇದೇ. ಎಳೆ ಸಸಿಗಳು ಕರಕಲಾಗಿ ಸಾಯುತ್ತವೆ. ಹೂಬಿಟ್ಟ ಗಿಡ ಕೆಳಗಿನ ಎಲೆ ಉದುರಿಸಿ ಮತ್ತೆ ಚಿಗುರುತ್ತದೆ, ಅದನ್ನು ಕೈಗವಸು ಹಾಕಿಕೊಂಡು ಕೀಳುವುದೇ ದಾರಿ.

ಆಸ್ಟ್ರೇಲಿಯಾ 1991ರಲ್ಲಿ ಮೆಕ್ಸಿಕೋದ ತುಕ್ಕು ಶಿಲೀಂಧ್ರವೊಂದನ್ನು ಪಾರ್ಥೇನಿಯಂ ಮೇಲೆ ಬಿಟ್ಟಿತು, ಬೇಕಾದಷ್ಟು ಪರೀಕ್ಷೆ ಮುಗಿಸಿದ ಮೇಲೆ. ನಮ್ಮಲ್ಲಿ ಇಂಥ ಶಿಲೀಂಧ್ರವನ್ನು ಕಳೆನಾಶಕವಾಗಿ ಮಾರಲು 1968ರ ಕೀಟನಾಶಕ ಕಾಯ್ದೆಯಡಿ ನೋಂದಣಿ ಬೇಕು. ನನ್ನ ತಳಿ ಇನ್ನೂ ಪ್ರಯೋಗದ ತಾಕಿನಲ್ಲೇ ಇದೆ. ರೋಗ ಬಿದ್ದ ಕಸವನ್ನು ಅರೆದು ನೀರಿಗೆ ಕಲಸಿ ಹೊಡೆಯಬಹುದೇ ಎಂದು ಕೇಳುವವರು ಬಹಳ ಮಂದಿ. ದಯವಿಟ್ಟು ಬೇಡ. ಆ ರಸದಲ್ಲಿ ಸ್ಕ್ಲೆರೋಷಿಯಂ ಇದ್ದರೆ ಮುಂದಿನ ಹಂಗಾಮಿನ ಶೇಂಗಾ ಬುಡಸಮೇತ ಕೊಳೆಯುತ್ತದೆ. ಅಂಥ ಗಿಡ ಕಂಡರೆ ಕಾಗದದ ಲಕೋಟೆಯಲ್ಲಿ ಹಾಕಿ, ಸಿಕ್ಕ ಜಾಗ ಬರೆದು, ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ತಲುಪಿಸಿ.