‘ವರುತ್ತಂ’ ಅಂದರೆ ಏನು? ಹೊಸೂರು ಸೀಮೆಯಲ್ಲಿ ನಾನು ಮಾಡಿದ ಸರ್ವೆ

ನಮ್ಮೂರು ತಮಿಳುನಾಡಿನ ಹೊಸೂರಿನಿಂದ ತಳಿ ಅನ್ನುವ ಊರಿಗೆ ಹೋಗುವ ದಾರಿಯಲ್ಲಿದೆ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಆಫೀಸಿನಲ್ಲಿ ತಮಿಳು. ಮೂರೂ ಬರುತ್ತದೆ, ಸರ್ವೆಗೆ ಭಾಷೆಯ ತಲೆನೋವು ಇರಲ್ಲ ಅಂದುಕೊಂಡಿದ್ದೆ. ಕೊನೆಗೆ ತಲೆನೋವಾದದ್ದು ಅದೇ.

ವಿಷಯ ಇಷ್ಟು. ಕೃಷ್ಣಗಿರಿ ಜಿಲ್ಲೆಯ ಒಂದು ನಿರಾಶ್ರಿತರ ಕ್ಯಾಂಪಿನಲ್ಲಿರುವ ಶ್ರೀಲಂಕಾ ತಮಿಳು ವಯಸ್ಸಾದವರು, ಅಲ್ಲಿಗೆ ಹತ್ತಿರದ ಕನ್ನಡದ ಹಳ್ಳಿಯ ವಯಸ್ಸಾದವರು. ಇಬ್ಬರ ಆರೋಗ್ಯದಲ್ಲಿ ವ್ಯತ್ಯಾಸ ಇದೆಯಾ, ಇದ್ದರೆ ಯಾಕೆ? ಕ್ಯಾಂಪಿನ ಹೆಸರು ಹೇಳುವುದಿಲ್ಲ ಅಂತ ಅಲ್ಲಿನವರಿಗೆ ಮಾತು ಕೊಟ್ಟಿದ್ದೇನೆ.

ಕ್ಯಾಂಪಿನವರು 1983ರ ಜುಲೈನಲ್ಲಿ ಶ್ರೀಲಂಕಾದಲ್ಲಿ ತಮಿಳರ ಮೇಲೆ ಹಿಂಸೆ ನಡೆದ ಮೇಲೆ ದೋಣಿ ಹತ್ತಿ ಬಂದವರು, ಆಮೇಲೆ ಯುದ್ಧದ ಬೇರೆ ಬೇರೆ ಹೊತ್ತಿನಲ್ಲಿ ಬಂದವರು. ರಾಮೇಶ್ವರದ ಹತ್ತಿರದ ಮಂಡಪಂನಲ್ಲಿ ಇಳಿದು ಜಿಲ್ಲೆ ಜಿಲ್ಲೆಗೆ ಹಂಚಿಹೋದರು. ಮೂವತ್ತರಲ್ಲಿ ಬಂದವರಿಗೆ ಈಗ ಎಪ್ಪತ್ತು ದಾಟಿದೆ. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ. 2019ರ ಪೌರತ್ವ ತಿದ್ದುಪಡಿಯಲ್ಲೂ ಶ್ರೀಲಂಕಾ ಸೇರಿಲ್ಲ. 2021ರಲ್ಲಿ ತಮಿಳುನಾಡು ಸರ್ಕಾರ ‘ನಿರಾಶ್ರಿತರ ಶಿಬಿರ’ ಅನ್ನುವ ಹೆಸರು ತೆಗೆದು ‘ಪುನರ್ವಸತಿ ಶಿಬಿರ’ ಅಂತ ಮಾಡಿತು. ತಿಂಗಳ ಹಣವನ್ನೂ ಏರಿಸಿತು, ಮನೆಯ ಯಜಮಾನರಿಗೆ 1,500 ರೂಪಾಯಿ, ಉಳಿದ ದೊಡ್ಡವರಿಗೆ 1,000. ಜನ ಮಾತ್ರ ಇನ್ನೂ ಕ್ಯಾಂಪು ಅಂತಲೇ ಕರೆಯುತ್ತಾರೆ.

ಮೊದಲ ದಿನ ನಾನು ಮಾಡಿದ ತಪ್ಪು, ಒಂದು ಇಲಾಖೆಯ ಜೀಪಿನಲ್ಲಿ ಹೋಗಿ ಇಳಿದದ್ದು. ಅನುಮತಿಗೆ ತಿಂಗಳುಗಟ್ಟಲೆ ಅಲೆದು ಸುಸ್ತಾಗಿದ್ದೆ. ‘ಬನ್ನಿ, ನಾವೇ ಬಿಡುತ್ತೇವೆ’ ಅಂದಾಗ ಹತ್ತಿಬಿಟ್ಟೆ. ಅವತ್ತು ಅಧಿಕಾರಿಗಳು ಕ್ಯಾಂಪಿನವರ ಹಾಜರಿ ತೆಗೆಯುವ ದಿನ ಬೇರೆ. ಯಾರನ್ನು ಕೇಳಿದರೂ ಎಲ್ಲ ಚೆನ್ನಾಗಿದೆ. ಬಿಪಿ ಪಟ್ಟಿ ಕಟ್ಟಿದರೆ ಮೊದಲ ರೀಡಿಂಗ್ ಎಲ್ಲರದ್ದೂ ಜಾಸ್ತಿ. ಆ ದಿನದ ಹಾಳೆಗಳನ್ನೆಲ್ಲ ಪಕ್ಕಕ್ಕಿಟ್ಟೆ. ಆಮೇಲೆ ಟೌನ್ ಬಸ್ಸಿನಲ್ಲಿ ಹೋದೆ, ಹಾಜರಿ ಇಲ್ಲದ ದಿನ. ಐದು ನಿಮಿಷ ಸುಮ್ನೆ ಕೂರಿಸಿ, ಮಾತಾಡಿಸದೆ, ಮೂರು ಸಲ ನೋಡಿ, ಮೊದಲನೆಯದನ್ನು ಬಿಟ್ಟು ಉಳಿದೆರಡರ ಸರಾಸರಿ ಬರೆದುಕೊಂಡೆ. ಹತ್ತಡಿಯ ಕೋಣೆಯಲ್ಲಿ ಐದು ನಿಮಿಷ ಮೌನ ಸಿಗುವುದು ಎಷ್ಟು ಕಷ್ಟ ಅಂತ ಯಾವ ಕೈಪಿಡಿಯೂ ಹೇಳಿರಲಿಲ್ಲ.

ವಯಸ್ಸು ಗೊತ್ತುಮಾಡುವುದು ಇನ್ನೊಂದು ಕಥೆ. ಕಾರ್ಡಿನಲ್ಲಿರುವ ವರ್ಷ ಯಾರೋ ಅಂದಾಜಿನಲ್ಲಿ ಬರೆದದ್ದು. ನಾನು ಹಳೆಯ ಘಟನೆಗಳ ಎರಡು ಪಟ್ಟಿ ಮಾಡಿಕೊಂಡೆ. ಕ್ಯಾಂಪಿಗೆ 1958ರ ಗಲಭೆ, ಟೀ ತೋಟದ ಭಾರತ ಮೂಲದವರನ್ನು ಎರಡು ದೇಶ ಹಂಚಿಕೊಂಡ 1964ರ ಸಿರಿಮಾ-ಶಾಸ್ತ್ರಿ ಒಪ್ಪಂದ, 1978ರಲ್ಲಿ ಶ್ರೀಲಂಕಾದ ಪೂರ್ವ ತೀರದ ಮಟ್ಟಕ್ಕಳಪ್ಪಿಗೆ (ಬ್ಯಾಟಿಕಲೋವಾ) ಬಡಿದ ಚಂಡಮಾರುತ. ಹಳ್ಳಿಗೆ ಎಮರ್ಜೆನ್ಸಿ, ಇಂದಿರಾಗಾಂಧಿ ಹೋದ ವರ್ಷ, ಎಂಜಿಆರ್ ಹೋದ ವರ್ಷ. ‘ಆಗ ನಿಮಗೆ ಮದುವೆ ಆಗಿತ್ತಾ? ಮೊದಲ ಮಗು ನಡೀತಿತ್ತಾ?’ ಅಂತ ಶುರುಮಾಡಿದರೆ ಲೆಕ್ಕ ತಾನಾಗಿ ಬರುತ್ತದೆ. ಹಳ್ಳಿಯ ಒಬ್ಬ ಅಜ್ಜಿ ಸೋದರಮಾವನನ್ನೇ ಮದುವೆಯಾಗಿ ಅದೇ ಬೀದಿಯಲ್ಲಿದ್ದಾರೆ. ಹುಟ್ಟಿದ್ದು ಸೇಲಂ ಜಿಲ್ಲೆಯಲ್ಲಿ, 1965ರಿಂದ ಧರ್ಮಪುರಿ, 2004ರಿಂದ ಕೃಷ್ಣಗಿರಿ. ‘ನಾನು ಎಲ್ಲಿಗೂ ಹೋಗಿಲ್ಲ ಮಗಾ, ಜಿಲ್ಲೇನೇ ಓಡಾಡ್ತಾ ಐತೆ’ ಅಂದರು. ಕ್ಯಾಂಪಿನಲ್ಲಿ ಒಬ್ಬ ತಾತನ ಹಿರಿಯರೂ ಸೇಲಂ ಕಡೆಯಿಂದಲೇ ಸಿಲೋನಿನ ಟೀ ತೋಟಕ್ಕೆ ಹೋದವರಂತೆ. ‘ಮೂಲ ಜಿಲ್ಲೆ’ ಅನ್ನುವ ಖಾನೆಯಲ್ಲಿ ಇಬ್ಬರದ್ದೂ ಒಂದೇ ಹೆಸರು ಬಿತ್ತು!

ಅರವತ್ತು ದಾಟಿದವರನ್ನು ಮಾತ್ರ ತೆಗೆದುಕೊಳ್ಳೋಣ ಅಂತ ಮೊದಲು ಇತ್ತು. ಬದಲಾಯಿಸಿದೆ. 2017-18ರಲ್ಲಿ ನಡೆದ ವಯಸ್ಸಾಗುವುದರ ಬಗ್ಗೆಯೇ ಇರುವ ಲಾಸಿ ಅನ್ನುವ ರಾಷ್ಟ್ರೀಯ ಸಮೀಕ್ಷೆ 72,000ಕ್ಕೂ ಹೆಚ್ಚು ಜನರನ್ನು ಮಾತಾಡಿಸಿತ್ತು, 45 ವರ್ಷದವರಿಂದಲೇ. ಪೇಂಟಿಂಗ್ ಕೂಲಿಗೆ ಹೋಗಿ ಏಣಿ ಹತ್ತಿ ಇಳಿದ ಮೊಣಕಾಲಿಗೆ ಐವತ್ತರಲ್ಲೇ ವಯಸ್ಸಾಗಿರುತ್ತದೆ. ಅರವತ್ತರಿಂದ ಎಣಿಸಿದರೆ ಆ ಸವೆತ ಎಲ್ಲಿ ಶುರುವಾಯಿತು ಅಂತ ಕಾಣುವುದೇ ಇಲ್ಲ, ಅಲ್ವಾ?

ಈಗ ವರುತ್ತಂ. ಮನಸ್ಸಿನ ಆರೋಗ್ಯಕ್ಕೆ ಹತ್ತು ಪ್ರಶ್ನೆ ಇದ್ದವು. ಅದರಲ್ಲೊಂದು, ಕಳೆದ ವಾರ ಎಷ್ಟು ದಿನ ಬೇಜಾರಾಗಿತ್ತು ಅಂತ. ತಮಿಳಿನಲ್ಲಿ ನಾನೇ ‘ವರುತ್ತಂ’ ಅಂತ ಹಾಕಿದ್ದೆ. ನಮ್ಮ ಹೊಸೂರಿನ ತಮಿಳಿನಲ್ಲಿ ಅದು ದುಃಖ. ಒಬ್ಬ ಅಮ್ಮಮ್ಮ ತಡಮಾಡದೆ ‘ಓಂ, ಓಂ ಪಿಳ್ಳೈ, ದಿನಾ ಇದೆ’ ಅಂದರು. ಅವರ ತಮಿಳಿನಲ್ಲಿ ‘ಓಂ’ ಅಂದರೆ ಹೌದು, ‘ಪಿಳ್ಳೈ’ ಅಂದರೆ ಮಗು. ಏಳೂ ದಿನ ಅಂತ ಬರೆದುಕೊಂಡೆ. ಮುಂದಿನ ಮನೆ, ಅದರ ಮುಂದಿನ ಮನೆ, ಎಲ್ಲ ಕಡೆ ಏಳು ದಿನ. ಮನೆಗೆ ಬಂದು ಹಾಳೆ ನೋಡಿದರೆ ಇಡೀ ಕ್ಯಾಂಪೇ ಖಿನ್ನತೆಯಲ್ಲಿ ಮುಳುಗಿದೆ. ಕಥೆ ಎಷ್ಟು ಸಲೀಸಾಗಿ ಸಿಕ್ಕಿಬಿಟ್ಟಿತು ಅಂದರೆ, ನಿಜ ಹೇಳುತ್ತೇನೆ, ಒಳಗೊಳಗೆ ಖುಷಿಯೂ ಆಯಿತು.

ನಾಲ್ಕನೇ ದಿನ ಒಬ್ಬರು ‘ಸೀನಿ ವರುತ್ತಂ’ ಅಂದರು. ಸಕ್ಕರೆ ಕಾಯಿಲೆ! ಶ್ರೀಲಂಕಾ ತಮಿಳಿನಲ್ಲಿ ವರುತ್ತಂ ಅಂದರೆ ಕಾಯಿಲೆ. ನಾನು ದುಃಖ ಕೇಳುತ್ತಿದ್ದೆ, ಅವರು ಶುಗರು, ಪ್ರೆಷರು ಹೇಳುತ್ತಿದ್ದರು. ಅಮ್ಮಮ್ಮನ ಮನೆಗೆ ವಾಪಸ್ ಹೋದೆ. ಬೇರೆ ಮಾತಿನಲ್ಲಿ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಬೇಜಾರು ಮೊಮ್ಮಗನದ್ದು ಅಂದರು. ಎಂಜಿನಿಯರಿಂಗ್ ಮುಗಿಸಿದ್ದಾನೆ, ಕಂಪನಿಯವರು ಕೇಳುವ ಕಾಗದ ಅವನ ಹತ್ತಿರ ಇಲ್ಲ. ಅದು ವಾರಕ್ಕೆ ಎಷ್ಟು ದಿನ ಅಂತ ಅವರೂ ಹೇಳಲಿಲ್ಲ, ನಾನೂ ಒತ್ತಾಯ ಮಾಡಲಿಲ್ಲ.

ಹೊರಗಿನಿಂದ ಬಂದವರು ಊರಿನವರ ಜೊತೆ ಬೆರೆತು ಬಾಳುವುದನ್ನು ಅಳೆಯಲು ಸಮಾಜಶಾಸ್ತ್ರದಲ್ಲಿ ಒಂದು ಚೌಕಟ್ಟು ಬಳಸುತ್ತಾರೆ. ಏಜರ್ ಮತ್ತು ಸ್ಟ್ರ್ಯಾಂಗ್ ಅನ್ನುವವರು 2008ರಲ್ಲಿ ಕೊಟ್ಟದ್ದು. ಕೆಲಸ, ಮನೆ, ಓದು, ಆರೋಗ್ಯ ಮೇಲೆ. ನಂಟು, ಸ್ನೇಹ, ಭಾಷೆ, ಭದ್ರತೆ ನಡುವೆ. ಹಕ್ಕು ಮತ್ತು ಪೌರತ್ವ ತಳಪಾಯ. ಬಂದವರಿಗೆ ಭಾಷೆ ಬಾರದು, ಊರಿನವರಿಗೆ ಬರುತ್ತದೆ ಅನ್ನುವ ಊಹೆ ಇಟ್ಟುಕೊಂಡು ನಾನೂ ಪ್ರಶ್ನೆ ಮಾಡಿದ್ದೆ. ‘ಆಸ್ಪತ್ರೆಯಲ್ಲಿ ಡಾಕ್ಟರು ಹೇಳಿದ್ದು ಅರ್ಥವಾಗುತ್ತದೆಯೇ?’ ಕ್ಯಾಂಪಿನವರು ಹೌದು ಅಂದರು. ವರುತ್ತಂ ಥರದ ಎಡವಟ್ಟು ಬಿಟ್ಟರೆ ಮಾತು ನಡೆಯುತ್ತದೆ. ಇಲ್ಲ ಅಂದವರು ನಮ್ಮ ಕನ್ನಡದ ಅಜ್ಜಿಯರು. ಇದೇ ನೆಲದಲ್ಲಿ ಹುಟ್ಟಿ ಬೆಳೆದವರು ಡಾಕ್ಟರ ಮುಂದೆ ಹೊಟ್ಟೆ ಮುಟ್ಟಿ ತೋರಿಸುತ್ತಾರೆ, ಮಿಕ್ಕಿದ್ದನ್ನು ಮೊಮ್ಮಗಳು ಹೇಳಬೇಕು. ಮೊಮ್ಮಗಳ ಮುಂದೆ ಹೇಳಲಾಗದ ತೊಂದರೆ ಹಾಗೇ ಉಳಿಯುತ್ತದೆ. ಗರ್ಭಕೋಶ ಜಾರಿದ್ದನ್ನು ವರ್ಷಗಟ್ಟಲೆ ಮುಚ್ಚಿಟ್ಟ ಅಜ್ಜಿಯೊಬ್ಬರು ನನಗೆ ಹೇಳಿದ್ದು ಹಿತ್ತಲಲ್ಲಿ ನಿಂತು, ಕನ್ನಡದಲ್ಲಿ, ಪಿಸುಮಾತಿನಲ್ಲಿ.

ಬಿಪಿ, ಶುಗರ್ ಮಾತ್ರೆಯಲ್ಲಿ ನನಗೆ ದೊಡ್ಡ ಭೇದ ಕಾಣಲಿಲ್ಲ. ‘ಮಕ್ಕಳೈ ತೇಡಿ ಮರುತ್ತುವಂ’, ಅಂದರೆ ಜನರನ್ನು ಹುಡುಕಿ ಬರುವ ವೈದ್ಯ ಅನ್ನುವ ತಮಿಳುನಾಡು ಸರ್ಕಾರದ ಯೋಜನೆ, ಶುರುವಾದದ್ದೇ ನಮ್ಮ ಜಿಲ್ಲೆಯ ಸಾಮನಪಳ್ಳಿಯಲ್ಲಿ, 2021ರ ಆಗಸ್ಟ್ 5ರಂದು. ನಾನು ಹೋದ ಎರಡೂ ಕಡೆ ಮಾತ್ರೆ ಬಾಗಿಲಿಗೇ ಬರುತ್ತದೆ. ಭೇದ ಶುರುವಾಗುವುದು ‘ದೊಡ್ಡಾಸ್ಪತ್ರೆಗೆ ಹೋಗಿ’ ಅಂದಮೇಲೆ. ಕನ್ನಡದ ಅಜ್ಜಿಗೆ ಬೆಂಗಳೂರು ಬಸ್ಸಿನ ದೂರ. ಅಲ್ಲಿ ಮಗಳೋ ತಮ್ಮನೋ ಇರುತ್ತಾರೆ, ಕೈಯಿಂದ ದುಡ್ಡು ಹೋದರೂ ಮಾತು ತನ್ನದು. ಗಡಿ ದಾಟಿದ ಮೇಲೆ ಅಜ್ಜಿಗೆ ಬಾಯಿ ಬರುತ್ತದೆ. ಕ್ಯಾಂಪಿನ ತಾತನಿಗೆ ಇಲ್ಲಿ ಬಾಯಿ ಇದೆ, ಆದರೆ ಹೊರಗೆ ದಿನಗಟ್ಟಲೆ ಇರಬೇಕಾದರೆ ಅನುಮತಿ ಬೇಕು. ಭಾಷೆ ಮತ್ತು ಹಕ್ಕು, ಎರಡನ್ನೂ ಕೂಡಿಸಿ ಒಂದೇ ಅಂಕ ಕೊಟ್ಟಿದ್ದರೆ ಇವರಿಬ್ಬರೂ ಒಂದೇ ಥರ ಕಾಣುತ್ತಿದ್ದರು. ಅದಕ್ಕೆ ಒಟ್ಟು ಅಂಕವನ್ನೇ ಕೈಬಿಟ್ಟೆ. ಮಾರ್ಗದರ್ಶಕರಿಗೆ ಇದು ಅಷ್ಟು ಹಿಡಿಸಲಿಲ್ಲ.

ಎರಡನೇ ಸುತ್ತಿಗೆ ಒಂದು ಪ್ರಶ್ನೆ ಸೇರಿಸಿದೆ. ‘ದೊಡ್ಡಾಸ್ಪತ್ರೆಗೆ ಹೋಗಬೇಕಾದರೆ ಯಾರನ್ನು ಕೇಳಬೇಕು?’ ಅಜ್ಜಿ ನಕ್ಕರು. ‘ಮೊಮ್ಮಗನ ಗಾಡೀಲಿ ಪೆಟ್ರೋಲ್ ಐತಾ ಅಂತ ಕೇಳ್ಬೇಕು.’ ತಾತ ನಗಲಿಲ್ಲ. ಪ್ಲಾಸ್ಟಿಕ್ ಕವರಿನಿಂದ ಹಳೆಯ ಅರ್ಜಿಗಳನ್ನು ತೆಗೆದು ಚಾಪೆಯ ಮೇಲೆ ಸಾಲಾಗಿ ಜೋಡಿಸುತ್ತಾ, ಮೊದಲು ಯಾರು, ಆಮೇಲೆ ಯಾರು ಅಂತ ನಿಧಾನವಾಗಿ ಹೇಳಿದರು. ನಾನು ಆ ಖಾನೆಗೆ ಒಂದೇ ಗೆರೆ ಬಿಟ್ಟಿದ್ದೆ. ಹಾಳೆ ತಿರುವಿ ಹಿಂದೆ ಬರೆದುಕೊಂಡೆ.